ಟಾಪಿಕ್ ಇದೆ, ಪ್ರಶ್ನೆ ಎಲ್ಲಿ?

ಸೆಮಿಸ್ಟರ್ ಶುರುವಾಗಿ ಎರಡು ವಾರಕ್ಕೆ ವಿದ್ಯಾರ್ಥಿಗಳು ತರುವ ಸಿನಾಪ್ಸಿಸ್‌ಗಳಲ್ಲಿ, ಅಂದರೆ ಪ್ರಬಂಧದ ರೂಪುರೇಷೆಗಳಲ್ಲಿ, ಹೆಚ್ಚುಕಡಿಮೆ ಒಂದೇ ಬಗೆಯ ಶೀರ್ಷಿಕೆ ಇರುತ್ತದೆ. ‘ಬೆಂಗಳೂರಿನ ನೀರಿನ ಸಮಸ್ಯೆ: ಒಂದು ಅಧ್ಯಯನ’. ‘ಶಕ್ತಿ ಯೋಜನೆ ಮತ್ತು ಮಹಿಳಾ ಸಬಲೀಕರಣ’. ‘ಬೆಂಗಳೂರಿನ ಕೆರೆಗಳು: ಅಂದು ಇಂದು’. ಗೈಡ್ ಆದವರು ಹೇಳುವ ಮಾತೂ ಒಂದೇ: “ತುಂಬಾ ದೊಡ್ಡದಾಯ್ತು, ಸ್ವಲ್ಪ ಚಿಕ್ಕದು ಮಾಡಮ್ಮ.” ಹುಡುಗಿ ಹೋಗಿ ‘ಬೆಂಗಳೂರು’ ಅಂತಿದ್ದ ಕಡೆ ‘ಮಹದೇವಪುರ’ ಅಂತ ಬರೆದು ತರುತ್ತಾಳೆ. ಜಾಗ ಚಿಕ್ಕದಾಯಿತು. ಆದರೆ ಅಲ್ಲಿ ಏನನ್ನು ಹುಡುಕಬೇಕು ಅನ್ನುವುದು ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಪದವಿ ಮತ್ತು ಎಂ.ಎ. ವಿದ್ಯಾರ್ಥಿಗಳ ಪ್ರಬಂಧಗಳಿಗೆ ಮಾರ್ಗದರ್ಶನ ಮಾಡುತ್ತಾ ಬಂದ ನನಗೆ ಒಂದು ಮಾತು ಗಟ್ಟಿಯಾಗಿದೆ. ವಿಷಯವನ್ನು ಸುಮ್ನೆ ಕತ್ತರಿಸಿದರೆ ಪ್ರಬಂಧ ಹರಿತವಾಗುವುದಿಲ್ಲ. ವಿದ್ಯಾರ್ಥಿಗೆ ನಿಜಕ್ಕೂ ಉತ್ತರ ಗೊತ್ತಿಲ್ಲದ, ಆದರೆ ಹೋಗಿ ಹುಡುಕಿದರೆ ಸಿಗಬಹುದಾದ ಒಂದು ಪ್ರಶ್ನೆ ಬೇಕು. ಅದು ಸಿಕ್ಕರೆ ಯಾವ ಜಾಗ, ಯಾವ ವರ್ಷ, ಯಾವ ಜನ ಅನ್ನುವುದೆಲ್ಲ ತಾನಾಗಿ ತೀರ್ಮಾನವಾಗುತ್ತದೆ. ಆ ಪ್ರಶ್ನೆಯನ್ನು ಗೈಡ್ ಬರೆದುಕೊಡಬಾರದು.

ನೀರಿನ ವಿಷಯವನ್ನೇ ತೆಗೆದುಕೊಳ್ಳಿ. ಒಂದು ಹಾಳೆ ಕೊಟ್ಟು, ಈ ವಿಷಯದ ಬಗ್ಗೆ ಮನಸ್ಸಿಗೆ ಬಂದ ಪ್ರಶ್ನೆಗಳನ್ನೆಲ್ಲ ಕಾಲು ಗಂಟೆ ಬರೆಯಿರಿ ಅಂತ ಹೇಳುತ್ತೇನೆ. ಸರಿ ತಪ್ಪು ನೋಡುವುದು ಬೇಡ, ಉತ್ತರ ಯೋಚಿಸುವುದೂ ಬೇಡ. ಮೊದಲು ಬರುವುದು ಯಾವಾಗಲೂ ಇವೇ: ಕಾರಣಗಳೇನು, ಪರಿಣಾಮಗಳೇನು, ಪರಿಹಾರಗಳೇನು. ಹತ್ತು ಅಂಕದ ಪ್ರಶ್ನೆಗೆ ಉತ್ತರ ಬರೆದು ಬರೆದು ಬಂದ ಅಭ್ಯಾಸ ಅದು. ಬರೆಯಲಿ ಬಿಡಿ. ಅವು ಖಾಲಿಯಾದ ಮೇಲೆ ಮನೆಯಿಂದ ಬಂದ ಪ್ರಶ್ನೆಗಳು ಶುರುವಾಗುತ್ತವೆ. ‘ನಮ್ಮ ರೋಡಲ್ಲಿ ಪೈಪ್ ಹಾಕಿದ್ದಾರೆ, ನೀರು ಯಾಕೆ ಬರ್ತಿಲ್ಲ?’ ‘ಟ್ಯಾಂಕರ್ ರೇಟ್ ಯಾರು ನಿರ್ಧಾರ ಮಾಡ್ತಾರೆ?’ ‘ಬಾಡಿಗೆ ಮನೆಯವರಿಗೆ ಓನರ್ ನೀರಿಗೆ ಬೇರೆ ದುಡ್ಡು ಕೇಳಬಹುದಾ?’ ಈ ಹೊತ್ತಿನಲ್ಲಿ ಗೈಡ್ ಬಾಯಿ ಮುಚ್ಚಿಕೊಂಡಿರಬೇಕು. “ಈ ಪ್ರಶ್ನೆ ಚೆನ್ನಾಗಿದೆ” ಅಂದರೂ ಸಾಕು, ಉಳಿದವರು ಬರೆಯುವುದನ್ನು ನಿಲ್ಲಿಸಿ ನಮಗೆ ಇಷ್ಟವಾಗುವುದನ್ನು ಊಹಿಸಲು ಕೂರುತ್ತಾರೆ.

ಆಮೇಲೆ ಒಂದೆರಡು ದಿನ ಓದು. ಓದದೆ ಕೇಳಿದ ಪ್ರಶ್ನೆಗೆ ಕಸುವಿರುವುದಿಲ್ಲ. ಕಾವೇರಿ ನೀರು ಬೆಂಗಳೂರಿಗೆ ಮೊದಲು ಬಂದದ್ದು 1974ರಲ್ಲಿ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ಮೇಲೆತ್ತಿ ತರಬೇಕು. ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆ ಆದದ್ದು 2024ರ ಅಕ್ಟೋಬರ್‌ನಲ್ಲಿ. ದಿನಕ್ಕೆ 77.5 ಕೋಟಿ ಲೀಟರ್ ತರುವ ಈ ಹಂತ ಮುಖ್ಯವಾಗಿ 110 ಹಳ್ಳಿಗಳಿಗಾಗಿ. ಆ ಹಳ್ಳಿಗಳು ಪಾಲಿಕೆಗೆ ಸೇರಿದ್ದು 2007ರಲ್ಲಿ. ಈ ಎರಡು ಇಸವಿಗಳನ್ನು ಪಕ್ಕಪಕ್ಕ ಬರೆದ ವಿದ್ಯಾರ್ಥಿಗೆ ಯಾರೂ ಹೇಳಿಕೊಡಬೇಕಿಲ್ಲ. ನಡುವಿನ 17 ವರ್ಷ ಈ ಮನೆಗಳು ಹೇಗೆ ನಿಭಾಯಿಸಿದವು ಅನ್ನುವ ಪ್ರಶ್ನೆ ತಾನಾಗಿ ಏಳುತ್ತದೆ.

ಟ್ಯಾಂಕರ್ ಪ್ರಶ್ನೆಯನ್ನು ಹಿಡಿದವರಿಗೆ ಇನ್ನೂ ಒಳ್ಳೆಯ ದಾರಿ ಇದೆ. 2024ರ ಮಾರ್ಚ್‌ನಲ್ಲಿ, ನೀರಿನ ಕಷ್ಟ ಜೋರಾಗಿದ್ದಾಗ, ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿ ಮಾಡಿತು. 5 ಕಿಲೋಮೀಟರ್ ಒಳಗಾದರೆ 6,000 ಲೀಟರ್‌ಗೆ 600 ರೂಪಾಯಿ, 12,000 ಲೀಟರ್‌ಗೆ 1,000 ರೂಪಾಯಿ. ವಿದ್ಯಾರ್ಥಿ ಮೊದಲು ಕೇಳುವುದು, “ಆ ದರಕ್ಕೆ ನೀರು ಸಿಕ್ಕಿತಾ?” ಒಳ್ಳೆಯ ಪ್ರಶ್ನೆಯೇ. ಆದರೆ ಹೌದು, ಇಲ್ಲ ಅಂದರೆ ಮುಗಿದುಹೋಗುತ್ತದೆ. ಹಾಗಾಗಿ ಒಂದು ಲೀಟರ್‌ಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿಸಿ. ಚಿಕ್ಕ ಟ್ಯಾಂಕರ್‌ನಲ್ಲಿ 10 ಪೈಸೆ. ದೊಡ್ಡದರಲ್ಲಿ 8 ಪೈಸೆಗಿಂತ ಸ್ವಲ್ಪ ಜಾಸ್ತಿ. ಅಂದರೆ ಅಧಿಕೃತ ದರಪಟ್ಟಿಯಲ್ಲೇ ದೊಡ್ಡ ಸಂಪ್ ಇರುವವರಿಗೆ ನೀರು ಅಗ್ಗ. ಹಾಗಾದರೆ ಸಂಪೇ ಇಲ್ಲದೆ ಡ್ರಮ್ಮು, ಬಿಂದಿಗೆ ಲೆಕ್ಕದಲ್ಲಿ ಕೊಂಡವರು ಲೀಟರ್‌ಗೆ ಎಷ್ಟು ಕೊಟ್ಟರು?

ಇದು ಪ್ರಬಂಧದ ಪ್ರಶ್ನೆ. ನೋಡಿ, ಇಲ್ಲಿ ಯಾರೂ ವಿಷಯವನ್ನು ಕತ್ತರಿಸಲಿಲ್ಲ. ಯಾವ ತಿಂಗಳು ಅನ್ನುವುದನ್ನು ದರಪಟ್ಟಿ ಹೇಳಿತು. ಯಾವ ಮನೆಗಳು ಅನ್ನುವುದನ್ನು ಸಂಪ್ ಹೇಳಿತು. ಒಂದೇ ವಾರ್ಡಿನ ಒಂದು ಅಪಾರ್ಟ್‌ಮೆಂಟ್, ಒಂದು ವಠಾರ, ಒಂದು ಶೀಟ್ ಮನೆಗಳ ಸಾಲು ಇದ್ದರೆ ಸಾಕು, ಒಬ್ಬ ವಿದ್ಯಾರ್ಥಿ ಒಂದು ಸೆಮಿಸ್ಟರ್‌ನಲ್ಲಿ ಮುಗಿಸಬಹುದು.

ಈ ಹಂತದಲ್ಲಿ ನಾನು ಎರಡೇ ಮಾತು ಕೇಳುತ್ತೇನೆ. ಇದಕ್ಕೆ ಉತ್ತರ ಯಾರ ಹತ್ತಿರ ಇದೆ? ಉತ್ತರ ನೀನಂದುಕೊಂಡ ಹಾಗೆ ಇಲ್ಲದಿದ್ದರೆ ಅದು ನಿನಗೆ ಗೊತ್ತಾಗುವುದು ಹೇಗೆ?

ಮೊದಲನೆಯದು ಕಾಲಿಗೆ ಕೆಲಸ ಕೊಡುತ್ತದೆ. ಅಪಾರ್ಟ್‌ಮೆಂಟ್ ಸಂಘದಲ್ಲಿ ಲೆಕ್ಕದ ಪುಸ್ತಕ ಇರುತ್ತದೆ, ವಠಾರದಲ್ಲಿ ನೆನಪು ಮಾತ್ರ. ಎರಡನ್ನೂ ಒಂದೇ ತೂಕದಲ್ಲಿ ಇಡಬಹುದಾ ಅಂತ ವಿದ್ಯಾರ್ಥಿ ಯೋಚಿಸಲೇಬೇಕಾಗುತ್ತದೆ. ಇಲಾಖೆಯ ಕಡತ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಆದರೆ ಉತ್ತರ ಕೊಡಲು ಅವರಿಗೆ 30 ದಿನ ಸಮಯವಿದೆ. ಅರ್ಜಿಯನ್ನು ಮೊದಲ ವಾರದಲ್ಲೇ ಹಾಕಿಸಿ.

ಎರಡನೆಯ ಮಾತಿನ ಬೆಲೆ ಗೊತ್ತಾಗುವುದು ಶಕ್ತಿ ಯೋಜನೆಯಂಥ ವಿಷಯದಲ್ಲಿ. ‘ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಅನುಕೂಲವಾಗಿದೆಯೇ?’ ಅಂತ ಕೇಳುವ ವಿದ್ಯಾರ್ಥಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಐವತ್ತು ಜನರಿಗೆ ಫಾರಂ ಕೊಟ್ಟು, ಹೌದು ಅನ್ನಿಸಿಕೊಂಡು, ಪೈ ಚಾರ್ಟ್ ಹಾಕಿ ಮುಗಿಸುತ್ತಾರೆ. 2023ರ ಜೂನ್ 11ರಿಂದ ಹೆಂಗಸರು ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಉಚಿತವಾಗಿ ಓಡಾಡುತ್ತಿದ್ದಾರೆ. ಕಂಡಕ್ಟರ್ ಕೊಡುವ ಶೂನ್ಯ ಟಿಕೆಟ್‌ಗಳ ಲೆಕ್ಕವೂ ಇದೆ. ಆದರೆ ಟಿಕೆಟ್ ಎಣಿಸಿದರೆ ಪ್ರಯಾಣಗಳು ಸಿಗುತ್ತವೆ, ಹೆಂಗಸರಲ್ಲ. ದಿನಕ್ಕೆ ನಾಲ್ಕು ಬಸ್ ಹತ್ತುವವಳೂ, ಮೊದಲ ಸಲ ಹತ್ತಿದವಳೂ ಆ ಅಂಕಿಯಲ್ಲಿ ಬೇರೆಯಾಗಿ ಕಾಣುವುದಿಲ್ಲ ಅಲ್ವಾ? ಇಷ್ಟು ಹೊಳೆದರೆ ಪ್ರಶ್ನೆ ತಿರುಗುತ್ತದೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿಯುವವರು ಮೊದಲು ನಡೆದು ಬರುತ್ತಿದ್ದರೋ, ಶೇರ್ ಆಟೋದಲ್ಲೋ? ಉಳಿದ ದುಡ್ಡು ಅವರ ಕೈಯಲ್ಲೇ ಉಳಿಯಿತೋ? ಬಸ್ ಉಚಿತವಾದ ಮೇಲೆ ದೂರದ ಕೆಲಸವನ್ನು ಒಪ್ಪಿದವರು ಯಾರಾದರೂ ಇದ್ದಾರಾ? ಇವಕ್ಕೆ ‘ಇಲ್ಲ’ ಅನ್ನುವ ಉತ್ತರವೂ ಬರಬಹುದು. ಹಾಗೆ ಬರಬಹುದಾದ ಪ್ರಶ್ನೆಯನ್ನೇ ನಾನು ಒಪ್ಪುತ್ತೇನೆ.

ಇತಿಹಾಸದ ವಿದ್ಯಾರ್ಥಿಗಳಿಗೆ ‘ಯಾಕೆ’ ಅನ್ನುವ ಪ್ರಶ್ನೆ ಮೇಲೆ ಮೋಹ ಜಾಸ್ತಿ. ಬೆಂಗಳೂರಿನ ಕೆರೆಗಳು ಯಾಕೆ ಮಾಯವಾದವು ಅನ್ನುವುದಕ್ಕೆ ಒಂದು ಜೀವಮಾನ ಬೇಕು. ಧರ್ಮಾಂಬುಧಿ ಕೆರೆ ಇದ್ದ ಕಡೆ ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ, ಸಂಪಂಗಿ ಕೆರೆ ಇದ್ದ ಕಡೆ ಕಂಠೀರವ ಕ್ರೀಡಾಂಗಣ. ಈ ಸಂಗತಿಗಳನ್ನು ಎಲ್ಲರೂ ಬರೆಯುತ್ತಾರೆ. ಸಂಪಂಗಿ ಕೆರೆಯ ನೀರನ್ನು ನಂಬಿದ್ದ ತೋಟಗಾರರು ಆಮೇಲೆ ಏನು ಮಾಡಿದರು ಅಂತ ಕೇಳಿದರೆ ದಾರಿ ತೆರೆಯುತ್ತದೆ. ಹಳೇ ನಕ್ಷೆ, ರಾಜ್ಯ ಪತ್ರಾಗಾರದ ಕಡತಗಳು, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯ ಗ್ರಂಥಾಲಯ ಒಂದು ಕಡೆ. ಇನ್ನೊಂದು ಕಡೆ ತೋಟಗಾರಿಕೆಯೇ ಕುಲಕಸುಬಾದ, ಕರಗ ನಡೆಸುವ ತಿಗಳ ಕುಟುಂಬಗಳ ಹಿರಿಯರು. ಆ ಕೆರೆಗೂ ಕರಗಕ್ಕೂ ಇರುವ ನಂಟು ಇಂದಿಗೂ ಮುರಿದಿಲ್ಲ. ಕನ್ನಡದಲ್ಲಿ ಕಡತ ಓದಿ, ಕನ್ನಡದಲ್ಲೇ ಹಿರಿಯರ ಮಾತು ಕೇಳಬಲ್ಲ ನಮ್ಮ ಮಕ್ಕಳಿಗೆ ಇದು ದೊಡ್ಡ ಬಲ. ಅದನ್ನು ಅವರಿಗೆ ನಾವು ಸಾಕಷ್ಟು ಹೇಳುತ್ತಿಲ್ಲ ಅನ್ನುವುದು ನನ್ನ ಬೇಸರ.

ಈಗ ಮೊಬೈಲ್‌ನಲ್ಲಿ ಕೇಳಿದರೆ ಕ್ಷಣದಲ್ಲಿ ಇಪ್ಪತ್ತು ಸಂಶೋಧನಾ ಪ್ರಶ್ನೆಗಳು ಬರುತ್ತವೆ. ಅವನ್ನು ತಂದರೆ ನಾನು ಗದರುವುದಿಲ್ಲ. ಇದರಲ್ಲಿ ಯಾವುದಕ್ಕೆ ಉತ್ತರ ತಿಳಿಯದೆ ನಿನಗೆ ಸಮಾಧಾನವಿಲ್ಲ ಅಂತ ಕೇಳುತ್ತೇನೆ. ಬೆರಳಿಟ್ಟು ತೋರಿಸಿದರೆ ಅಲ್ಲಿಂದ ಮುಂದುವರಿಯುತ್ತೇವೆ. ತೋರಿಸದಿದ್ದರೆ ಮತ್ತೆ ಖಾಲಿ ಹಾಳೆ.

ಗೈಡ್‌ಗಳಿಗೆ ಇನ್ನೊಂದು ಮಾತು. ಸಿನಾಪ್ಸಿಸ್ ಒಪ್ಪಿಗೆ ಆದ ಮೇಲೆ ಪ್ರಶ್ನೆ ಬದಲಾಗಬಾರದು ಅನ್ನುವ ಹಟ ಬೇಡ. ಟ್ಯಾಂಕರ್ ಬಿಲ್ ಹುಡುಕಿಕೊಂಡು ಹೋದ ವಿದ್ಯಾರ್ಥಿಗೆ, ಮೊದಲ ನಾಲ್ಕು ಮನೆಗಳಲ್ಲೇ ಬಿಲ್ ಅನ್ನುವುದನ್ನೇ ಯಾರೂ ಕೊಡುವುದಿಲ್ಲ ಅಂತ ಗೊತ್ತಾಗಬಹುದು. ಆಗ ಅವನು ಸೋತ ಮುಖ ಹಾಕಿಕೊಂಡು ಬರುತ್ತಾನೆ. ಬಿಲ್ ಇಲ್ಲದ ವ್ಯಾಪಾರದಲ್ಲಿ ಸರ್ಕಾರದ ದರ ಜಾರಿಯಾಗಿದೆ ಅಂತ ಯಾರು, ಹೇಗೆ ನೋಡಿದರು ಅನ್ನುವುದು ಅವನ ಮುಂದಿನ ಪ್ರಶ್ನೆ. ಶೀರ್ಷಿಕೆ ಬದಲಿಸುವ ಅರ್ಜಿಗೆ ಅವತ್ತೇ ಸಹಿ ಹಾಕಿಕೊಡಿ.