ಚಿನಾಂಪ ತೇಲುವುದಿಲ್ಲ ಸ್ವಾಮಿ

ಈ ಮಳೆಗಾಲದಲ್ಲಿ ನಾಲ್ಕನೆಯವರು ಬಂದು ಹೋದರು. ಮೊಬೈಲ್ ಮುಂದೆ ಹಿಡಿದು, "ಸಾರ್, ಮೆಕ್ಸಿಕೋದಲ್ಲಿ ತೇಲೋ ತೋಟ ಮಾಡ್ತಿದ್ರಂತೆ. ನಮ್ಮ ಕೆರೇಲೂ ಮಾಡೋಣ, ಒಂದು ಪ್ಲಾನ್ ಹಾಕ್ಕೊಡಿ" ಅಂದರು. ಮಣ್ಣು-ನೀರಿನ ಕೆಲಸದವನಿಗೆ ಇದನ್ನು ಕೇಳಿದರೆ ಹಲ್ಲು ಕಡಿಯುವಂತಾಗುತ್ತದೆ. ಆದರೂ ಕಾಫಿ ಕೊಟ್ಟು ಕೂರಿಸುತ್ತೇನೆ.

ಅವರು ಹೇಳುವ ಆ ತೋಟದ ಹೆಸರು ಚಿನಾಂಪ, ಅದು ತೇಲುವುದಿಲ್ಲ. ಆ ಹೆಸರಿನ ಮೂಲವಾದ, ಅಲ್ಲಿನ ಮೂಲನಿವಾಸಿಗಳ ನಹುವಾತ್ಲ್ ಭಾಷೆಯ ಪದಕ್ಕೇ ಜೊಂಡಿನ ಬೇಲಿ ಎಂದರ್ಥ. ಆಳವಿಲ್ಲದ ಸರೋವರದಲ್ಲಿ ಸುತ್ತ ಗೂಟ ಬಡಿದು, ತಡಿಕೆ ಹೆಣೆದು, ಜೊಂಡು, ಜಲಸಸ್ಯ, ತಳದ ಗೋಡು ಪದರಪದರವಾಗಿ ಪೇರಿಸಿ ನೀರಿನ ಮೇಲಕ್ಕೆತ್ತಿದ ಮಡಿ ಅದು. ಅಂಚಿಗೆ ನೆಟ್ಟ ಅವೆಹೋತೆ ಎಂಬ ವಿಲೋ ಜಾತಿಯ ಮರದ ಬೇರು ದಡವನ್ನು ಕಚ್ಚಿ ಹಿಡಿಯುತ್ತದೆ; ಮರ ನೆಟ್ಟಗೆ ಬೆಳೆಯುವುದರಿಂದ ಬೆಳೆಗೆ ನೆರಳಿನ ಕಾಟವೂ ಕಡಿಮೆ.

ಅವರು ಸಸಿ ಮಾಡುವ ಬಗೆ ನನಗೆ ಬಲು ಇಷ್ಟ. ದೋಣಿಯಲ್ಲಿ ನಿಂತು, ಉದ್ದ ಕೋಲಿನ ತುದಿಯ ಚೀಲದಿಂದ ಕಾಲುವೆಯ ಕೆಸರು ಮೊಗೆದು ಮಡಿಯ ಮೇಲೆ ಹರಡುತ್ತಾರೆ. ಅರೆ ಒಣಗಿದಾಗ ಕೊಬ್ಬರಿ ಮಿಠಾಯಿಯಂತೆ ಚೌಕಚೌಕವಾಗಿ ಕೊಯ್ದು, ಒಂದೊಂದರಲ್ಲೂ ಕುಳಿ ಒತ್ತಿ ಬೀಜ ಹಾಕುತ್ತಾರೆ. ಸಸಿ ಬಂದ ಮೇಲೆ ತುಂಡು ಸಮೇತ ಎತ್ತಿ ನೆಟ್ಟರಾಯಿತು. ಸಸಿ ಬೆಳೆಸುವ ಪ್ಲಾಸ್ಟಿಕ್ ಪ್ರೋಟ್ರೇ ಮಾರುವವರು ಒಮ್ಮೆ ನೋಡಬೇಕು.

ಇನ್ನು ಯಾರ ಕಿವಿಗೂ ಬೀಳದ ಮಾತು: ನೀರಿನ ಮಟ್ಟ. ಚಿನಾಂಪಗಳಿದ್ದ ಮೆಕ್ಸಿಕೋದ ಸೋಚಿಮಿಲ್ಕೊ ಸರೋವರಕ್ಕೆ ಬುಗ್ಗೆಗಳ ಸಿಹಿನೀರು ಸದಾ ಬರುತ್ತಿತ್ತು. ಮಡಿಯ ಬೇರಿಗೆ ಕೆಳಗಿನಿಂದ ತೇವ ಏರುತ್ತಿತ್ತು. ನೀರು ತೀರಾ ಇಳಿದರೆ ಬೆಳೆ ಒಣಗುತ್ತದೆ, ಏರಿದರೆ ಬೇರು ಕೊಳೆಯುತ್ತದೆ. ಪಕ್ಕದ ಟೆಸ್ಕೊಕೊ ಸರೋವರದ್ದು ಉಪ್ಪುನೀರು. ಅದನ್ನು ಬೇರ್ಪಡಿಸಲು, ಪ್ರವಾಹ ತಡೆಯಲು 15ನೇ ಶತಮಾನದಲ್ಲಿ ಟೆಸ್ಕೊಕೊ ನಗರದ ನೆಸವಾಲ್ಕೊಯೊತ್ಲ್ ದೊರೆಯ ಉಸ್ತುವಾರಿಯಲ್ಲಿ ಸುಮಾರು 16 ಕಿ.ಮೀ. ಏರಿ ಕಟ್ಟಿದರು. ಇಷ್ಟೆಲ್ಲ ಮಟ್ಟಕ್ಕಾಗಿ! 20ನೇ ಶತಮಾನದಲ್ಲಿ ಮೆಕ್ಸಿಕೋ ನಗರ ಬುಗ್ಗೆಗಳ ನೀರನ್ನು ಎಳೆದುಕೊಂಡಿತು, ಕಾಲುವೆಗಳು ಸೊರಗಿದವು. ಈಗ ಅಲ್ಲಿ ಹರಿಯುವುದು ಬಹುಪಾಲು ಸಂಸ್ಕರಿಸಿದ ಕೊಳಚೆ ನೀರು. ನಮ್ಮ ಬಯಲುಸೀಮೆಯ ಕೆರೆಯೋ, ಒಳ್ಳೆ ಮಳೆಯಾದರೆ ಕೋಡಿ ಬೀಳುತ್ತದೆ, ಯುಗಾದಿ ಹೊತ್ತಿಗೆ ಅಂಗಳ ಬಿರುಕು ಬಿಡುತ್ತದೆ.

ಇನ್ನೊಬ್ಬರು ದಕ್ಷಿಣ ಅಮೆರಿಕದ ಟಿಟಿಕಾಕಾ ಸರೋವರದ ದಡದ 'ವಾರು ವಾರು' ಏರುಮಡಿಯ ಚಿತ್ರ ತಂದಿದ್ದರು. 3,800 ಮೀಟರ್ ಎತ್ತರದ ಆ ಜಾಗದಲ್ಲಿ ಬೆಳೆಯ ಶತ್ರು ರಾತ್ರಿಯ ಹಿಮ. ಹಗಲು ಬಿಸಿಲು ಕುಡಿದ ಕಾಲುವೆ ನೀರು ರಾತ್ರಿ ಶಾಖ ಬಿಡುತ್ತದೆ, ಬೆಳೆ ಉಳಿಯುತ್ತದೆ. ಬಂದವರ ಹೊಲ ರಾಯಚೂರಿನ ಕಡೆಯದು!

ಕಳೆದ ವರ್ಷ ನಿವೃತ್ತ ಮೇಷ್ಟ್ರೊಬ್ಬರು ನನ್ನ ಮಾತು ಕೇಳದೆ ಬಿದಿರಿನ ತೆಪ್ಪಕ್ಕೆ ಮಣ್ಣು ತುಂಬಿ ದಂಟಿನ ಸೊಪ್ಪು ಬಿತ್ತಿದರು. ಕೋಡಿ ಬಿದ್ದ ರಾತ್ರಿ ತೆಪ್ಪ ಕೆಳಗಿನ ಊರು ಸೇರಿತು. "ಸೊಪ್ಪು ಚೆನ್ನಾಗಿತ್ತಂತೆ ಸಾರ್, ಅವರೇ ಕುಯ್ಕೊಂಡ್ರು" ಎಂದರು, ಬೇಸರವೇ ಇಲ್ಲದೆ.

ಸ್ಥಳ ನೋಡದೆ ಆಗುವುದೇ ಇಲ್ಲ ಎನ್ನಲಾರೆ. ಕೆರೆ ಅಂಗಳ ಯಾರದು ಎಂಬ ಪ್ರಶ್ನೆಯೂ ಇದೆ. ಮೊದಲು ನೀರಲ್ಲೊಂದು ಗೂಟ ನೆಟ್ಟು ಗುರುತು ಹಾಕಿ, ವಾರಕ್ಕೊಮ್ಮೆ ಮಟ್ಟ ಬರೆದಿಡಿ. ವರ್ಷ ಕಳೆದ ಮೇಲೆ ಆ ಪುಸ್ತಕ ತನ್ನಿ, ಮೊಬೈಲ್ ಬೇಡ. ಮೇಷ್ಟ್ರು ಆಗಲೇ ಗೂಟ ನೆಟ್ಟಿದ್ದಾರೆ.