ಓದುಗರ ಪ್ರಶ್ನೆ: ಕೋಳಿಗಳ ನೀರಿನ ಡಬ್ಬಿ ಮಧ್ಯಾಹ್ನ ತಾನಾಗಿಯೇ ಏಕೆ ಚೆಲ್ಲುತ್ತದೆ?

“ಹೊಲದ ಮನೆಯಲ್ಲಿ 20 ಜವಾರಿ ಕೋಳಿಗಳನ್ನು ಸಾಕಿದ್ದೇವೆ. ಅಡುಗೆ ಎಣ್ಣೆಯ 5 ಲೀಟರ್ ಡಬ್ಬಿಗೆ ತೂತು ಕೊರೆದು ತಟ್ಟೆಯಲ್ಲಿಟ್ಟು ನೀರಿಗೂ, ಹಳೆಯ ಬಕೆಟ್ಟನ್ನು ಕೊಯ್ದು ಮೇವಿಗೂ ನಾವೇ ವ್ಯವಸ್ಥೆ ಮಾಡಿಕೊಂಡಿದ್ದೇವೆ. ಬೆಳಿಗ್ಗೆ ಎಲ್ಲವೂ ಸರಿಯಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಕೋಳಿಗಳು ಮುಟ್ಟದಿದ್ದರೂ ತಟ್ಟೆ ತುಂಬಿ ಹರಿದು, ಗೂಡಿನ ನೆಲಕ್ಕೆ ಹರಡಿದ ಹೊಟ್ಟಿನ ಹಾಸು ಒದ್ದೆಯಾಗಿರುತ್ತದೆ. ಮೇವೂ ಅರ್ಧ ನೆಲದ ಪಾಲಾಗುತ್ತಿದೆ. ಇದಕ್ಕಿಂತ ಅಂಗಡಿಯ ಸಾಮಾನನ್ನೇ ಕೊಳ್ಳುವುದು ವಾಸಿಯೇ?”

ಹೋಳಿ ಹುಣ್ಣಿಮೆ ದಾಟಿ ಬಿಸಿಲು ಏರತೊಡಗಿದ ಮೇಲೆ ರೋಣ, ಮುಂಡರಗಿ, ಸವಣೂರು ಕಡೆಯ ಕೋಳಿ ಸಾಕುವವರು ಒಂದಲ್ಲ ಒಂದು ರೂಪದಲ್ಲಿ ಈ ಪ್ರಶ್ನೆಯನ್ನು ಕೇಳುತ್ತಲೇ ಇರುತ್ತಾರೆ. ಕೊಳ್ಳುವ ಅಗತ್ಯವಿಲ್ಲ ಎಂಬುದು ನನ್ನ ಉತ್ತರ. ನಿಮ್ಮ ಡಬ್ಬಿಯಲ್ಲಾಗಲಿ ಬಕೆಟ್ಟಿನಲ್ಲಾಗಲಿ ದೋಷವಿರುವ ಸಂಭವ ಕಡಿಮೆ. ತಪ್ಪಿರುವುದು ಎರಡು ಎತ್ತರಗಳು. ಮೊದಲನೆಯದು ತಟ್ಟೆಯ ಅಂಚಿಗೂ ಡಬ್ಬಿಯ ತೂತಿಗೂ ನಡುವಿನ ಎತ್ತರ, ಎರಡನೆಯದು ನೆಲಕ್ಕೂ ಮೇವಿನ ತಟ್ಟೆಗೂ ನಡುವಿನ ಎತ್ತರ.

ನೀರಿನ ಡಬ್ಬಿ ಕೆಲಸ ಮಾಡುವ ಬಗೆಯನ್ನು ಮೊದಲು ನೋಡೋಣ. ಮುಚ್ಚಳ ಬಿಗಿಯಾಗಿರುವ ಡಬ್ಬಿಯ ತಳದ ಹತ್ತಿರ ಒಂದು ತೂತಿದ್ದರೆ ನೀರು ಹೊರಗೆ ಬರುತ್ತದೆ, ಅದರ ಜಾಗಕ್ಕೆ ಅದೇ ತೂತಿನಿಂದ ಗಾಳಿ ಗುಳುಗುಳು ಎಂದು ಒಳಗೆ ಹೋಗುತ್ತದೆ. ತಟ್ಟೆಯ ನೀರು ತೂತಿನ ಮೇಲಂಚನ್ನು ಮುಟ್ಟಿದ ಕ್ಷಣ ಗಾಳಿಗೆ ದಾರಿ ಕಟ್ಟಾಗುತ್ತದೆ. ಒಳಗಿನ ಒತ್ತಡ ಹೊರಗಿನದಕ್ಕಿಂತ ತುಸು ಕಡಿಮೆಯಾಗಿ, ಹೊರಗಿನ ಗಾಳಿಯ ಒತ್ತಡವೇ ಡಬ್ಬಿಯ ನೀರನ್ನು ಮೇಲೆ ಹಿಡಿದು ನಿಲ್ಲಿಸುತ್ತದೆ. ಕೋಳಿ ನಾಲ್ಕು ಗುಟುಕು ಕುಡಿದು ತೂತು ಬಾಯಿ ಬಿಟ್ಟಾಗ ಒಂದಿಷ್ಟು ಗಾಳಿ ಒಳಗೆ, ಒಂದಿಷ್ಟು ನೀರು ಹೊರಗೆ. ಆದ್ದರಿಂದ ತಟ್ಟೆಯಲ್ಲಿ ನೀರು ಎಷ್ಟು ಎತ್ತರಕ್ಕೆ ನಿಲ್ಲಬೇಕೆಂಬುದನ್ನು ತೀರ್ಮಾನಿಸುವುದು ಡಬ್ಬಿಯ ಗಾತ್ರವಲ್ಲ, ತೂತಿನ ಎತ್ತರ.

ಇಲ್ಲಿಯವರೆಗಿನದು ಬಹುಮಂದಿಗೆ ಗೊತ್ತಿರುತ್ತದೆ. ಗಮನಕ್ಕೆ ಬಾರದಿರುವುದು ಡಬ್ಬಿಯೊಳಗೆ ಸೇರಿಕೊಂಡ ಗಾಳಿಯ ಮಾತು. ಬೆಳಿಗ್ಗೆ ತುಂಬಿಸಿದ ಡಬ್ಬಿ ಹನ್ನೊಂದು ಗಂಟೆಯ ಹೊತ್ತಿಗೆ ಅರ್ಧ ಖಾಲಿಯಾಗಿ, ಎರಡೂವರೆ ಲೀಟರಿನಷ್ಟು ಗಾಳಿ ಒಳಗೆ ಕುಳಿತಿರುತ್ತದೆ. ಆ ಡಬ್ಬಿಗೆ ನೇರ ಬಿಸಿಲು ಬಿದ್ದು ಒಳಗಿನ ಗಾಳಿ 25 ಡಿಗ್ರಿಯಿಂದ 45 ಡಿಗ್ರಿಗೆ ಕಾದರೆ ಅದು ನೂರಕ್ಕೆ ಸುಮಾರು 7 ಪಾಲು ಹಿಗ್ಗುತ್ತದೆ. ಜೊತೆಗೆ ಬಿಸಿಯಾದ ನೀರಿನಿಂದ ಎದ್ದ ಆವಿಯೂ ಹೆಚ್ಚುಕಡಿಮೆ ಅಷ್ಟೇ ಜಾಗವನ್ನು ಕೇಳುತ್ತದೆ. ಎರಡೂ ಸೇರಿ 350 ಮಿಲಿಲೀಟರಿನಷ್ಟು ನೀರನ್ನು ಯಾವ ಕೋಳಿಯೂ ಮುಟ್ಟದೆ ತಟ್ಟೆಗೆ ತಳ್ಳುತ್ತವೆ. ನಿಮ್ಮ ತಟ್ಟೆ ಮಧ್ಯಾಹ್ನವೇ ಹರಿಯುವುದಕ್ಕೂ, ಬೆಳಿಗ್ಗೆ ಹರಿಯದಿರುವುದಕ್ಕೂ ಇದೇ ಕಾರಣ.

ಪರಿಹಾರವೂ ಇದರಲ್ಲಿಯೇ ಇದೆ. ತಟ್ಟೆಯ ಅಗಲ 30 ಸೆಂಟಿಮೀಟರ್, ಡಬ್ಬಿಯ ತಳ 15 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಅವುಗಳ ನಡುವಿನ ಬಳೆಯಂಥ ಜಾಗದಲ್ಲಿ ಒಂದು ಸೆಂಟಿಮೀಟರ್ ಎತ್ತರಕ್ಕೆ ಅರ್ಧ ಲೀಟರಿಗಿಂತ ತುಸು ಹೆಚ್ಚು ನೀರು ಹಿಡಿಯುತ್ತದೆ. ತೂತು ತಟ್ಟೆಯ ಅಂಚಿಗಿಂತ ಅರ್ಧ ಸೆಂಟಿಮೀಟರ್ ಮಾತ್ರ ಕೆಳಗಿದ್ದರೆ ಮೇಲೆ ಹೇಳಿದ 350 ಮಿಲಿಲೀಟರ್ ಅದರಲ್ಲಿ ಹಿಡಿಯದೆ ಹೊರಗೆ ಹರಿಯುತ್ತದೆ. ಎರಡು ಸೆಂಟಿಮೀಟರ್ ಕೆಳಗಿದ್ದರೆ ಹನಿಯೂ ಹೊರಬೀಳುವುದಿಲ್ಲ. ಅಂಚು 5 ಸೆಂಟಿಮೀಟರ್ ಎತ್ತರವಿರುವ ತಟ್ಟೆಯನ್ನು ತೆಗೆದುಕೊಂಡು, ತೂತನ್ನು ತಟ್ಟೆಯ ತಳದಿಂದ 3 ಸೆಂಟಿಮೀಟರ್ ಮೇಲೆ ಕೊರೆಯಿರಿ. ತೂತು ಕಿರುಬೆರಳು ಹೋಗುವಷ್ಟಿದ್ದರೆ ಸಾಕು. ನೀರು ತುಂಬಿಸುವಾಗ ಅದನ್ನು ಬೆರಳಿನಿಂದ ಮುಚ್ಚಿಕೊಳ್ಳುವುದಕ್ಕೂ ಅನುಕೂಲ. ಮುಚ್ಚಳದ ಒಳಗೆ ಸೈಕಲ್ ಟ್ಯೂಬಿನ ಒಂದು ತುಂಡನ್ನು ದುಂಡಗೆ ಕತ್ತರಿಸಿ ಕೂರಿಸಿದರೆ ಗಾಳಿ ನುಸುಳುವುದಿಲ್ಲ. ಡಬ್ಬಿಯ ಮೇಲ್ಭಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕಿದ್ದರೂ ಇಡೀ ಡಬ್ಬಿಯ ನೀರು ಇಳಿದುಹೋಗುತ್ತದೆಯಾದ್ದರಿಂದ, ಹೊಸ ಡಬ್ಬಿಯನ್ನು ಗೂಡಿಗೆ ಒಯ್ಯುವ ಮೊದಲು ಅಂಗಳದಲ್ಲಿ ಒಂದು ತಾಸು ಇಟ್ಟು ನೋಡಿರಿ.

ನೆರಳು ಬೇಕೇ ಬೇಕು. ಬೇವಿನ ಮರದ ಬುಡ, ಗೂಡಿನ ನೆರಳಿರುವ ಗೋಡೆಯ ಮಗ್ಗುಲು, ಎಲ್ಲಿಯಾದರೂ ಸರಿ. ಡಬ್ಬಿಗೆ ಒದ್ದೆ ಗೋಣಿಚೀಲವನ್ನು ಸುತ್ತಿದರೆ ಆರುವ ನೀರು ಒಳಗಿನ ಬಿಸಿಯನ್ನು ಎಳೆದುಕೊಳ್ಳುತ್ತದೆ; ಕಾದ ನೀರನ್ನು ಕೋಳಿ ಕಡಿಮೆ ಕುಡಿಯುತ್ತದೆ, ನೀರು ಕಡಿಮೆಯಾದರೆ ಮೇವೂ ಕಡಿಮೆ, ಮೊಟ್ಟೆಯೂ ಕಡಿಮೆ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಬಾಯಿ ತೆರೆದು ತೇಕುತ್ತಾ ಉಸಿರಿನ ಮೂಲಕವೇ ಅದು ಮೈಯ ಬಿಸಿಯನ್ನು ಹೊರಹಾಕಬೇಕು, ಅದಕ್ಕೆ ನೀರು ಖರ್ಚಾಗುತ್ತದೆ. ತಂಪು ಕಾಲದಲ್ಲಿ ದಿನಕ್ಕೆ ಕಾಲು ಲೀಟರ್ ಕುಡಿಯುವ ಮೊಟ್ಟೆಕೋಳಿ, ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿಯ ಹತ್ತಿರ ಬಂದಾಗ ಅದರ ಎರಡರಷ್ಟು ಕುಡಿಯಬಲ್ಲದು. ನಿಮ್ಮ 20 ಕೋಳಿಗಳಿಗೆ ಆಗ 10 ಲೀಟರ್ ಬೇಕು. ಆದ್ದರಿಂದ ಎರಡು ಡಬ್ಬಿಗಳನ್ನಿಟ್ಟು, ಬೆಳಿಗ್ಗೆ ಒಮ್ಮೆ, ಹನ್ನೊಂದರ ಸುಮಾರಿಗೆ ಇನ್ನೊಮ್ಮೆ ತುಂಬಿಸಿರಿ. ಹೀಗೆ ನಡುವೆ ತುಂಬಿಸುವುದರಿಂದ ಡಬ್ಬಿಯೊಳಗಿನ ಗಾಳಿಯೂ ಕಡಿಮೆಯಾಗಿ, ಬಿಸಿಲೇರಿದಾಗ ಹಿಗ್ಗಲು ಅಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ಡಬ್ಬಿಯನ್ನು ಹಾಸಿನ ಮೇಲೆ ನೇರವಾಗಿ ಇಡಬೇಡಿರಿ. ಕೋಳಿಗಳು ಕೆದರಿದಂತೆ ತಟ್ಟೆ ವಾಲುತ್ತದೆ, ಹೊಟ್ಟು ನೀರಿಗೆ ಬೀಳುತ್ತದೆ. ನಾಲ್ಕು ಇಟ್ಟಿಗೆಗಳ ಮೇಲೆ ಕಬ್ಬಿಣದ ಜಾಳಿಗೆಯ ಒಂದು ಚೌಕವನ್ನು ಮಟ್ಟಸವಾಗಿ ಕೂರಿಸಿ, ಅದರ ಕೆಳಗೆ ಹಾಸನ್ನು ಸರಿಸಿ ಗರಸು ಅಥವಾ ಜಲ್ಲಿ ಹಾಕಿದರೆ ಕೊಕ್ಕಿನಿಂದ ತೊಟ್ಟಿಕ್ಕುವ ನೀರು ಅಲ್ಲಿಯೇ ಇಂಗುತ್ತದೆ. ಗದಗ, ನರಗುಂದ ಕಡೆಯ ಎರೆ ನೆಲದಲ್ಲಿ ಇದು ಇನ್ನೂ ಅವಶ್ಯ, ಏಕೆಂದರೆ ಎರೆಮಣ್ಣು ಒಮ್ಮೆ ನೆನೆದರೆ ಸುಲಭಕ್ಕೆ ಆರುವುದಿಲ್ಲ.

ಒದ್ದೆ ಹಾಸಿನ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾನು ಕೋಳಿ ಸಾಕಲು ತೊಡಗಿದ ಮೊದಲ ಮುಂಗಾರಿನಲ್ಲಿ, ನೀರಿನ ತಟ್ಟೆಯ ಸುತ್ತ ಎರಡು ಅಡಿ ಜಾಗ ಸದಾ ಹಸಿಯಾಗಿರುವುದನ್ನು ದಿನವೂ ಕಂಡೂ ಬಿಟ್ಟಿದ್ದೆ. ತಿಂಗಳು ತುಂಬಿದ ಮರಿಗಳು ರೆಕ್ಕೆ ಇಳಿಬಿಟ್ಟು ಮುದುರಿ ನಿಂತು, ಹಿಕ್ಕೆಯಲ್ಲಿ ರಕ್ತ ಕಾಣಿಸಿಕೊಂಡು, ಒಂದು ವಾರದಲ್ಲಿ 11 ಸತ್ತವು. ಅದು ರಕ್ತಭೇದಿ. ಅದನ್ನು ತರುವ ಪರೋಪಜೀವಿಯ ತತ್ತಿಗಳು ಹಿಕ್ಕೆಯಲ್ಲಿ ಹೊರಬಿದ್ದಾಗ ಸೋಂಕು ಹರಡುವ ಸ್ಥಿತಿಯಲ್ಲಿರುವುದಿಲ್ಲ. ಬೆಚ್ಚಗಿನ ತೇವ ಸಿಕ್ಕರೆ ಒಂದೆರಡು ದಿನಗಳಲ್ಲಿ ಆ ಸ್ಥಿತಿಗೆ ಬರುತ್ತವೆ. ಒಣ ಹಾಸಿನಲ್ಲಿ ಅವುಗಳಿಗೆ ಆ ಅವಕಾಶ ಬಹಳ ಕಡಿಮೆ. ಹಸಿ ಹಾಸಿನಿಂದೇಳುವ ಅಮೋನಿಯಾದ ಘಾಟು ಕೋಳಿಯ ಕಣ್ಣಿಗೂ ಉಸಿರಾಟಕ್ಕೂ ಕೆಡುಕು. ಗೂಡಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಮೂಸಿ ನೋಡಿರಿ: ನಿಂತಾಗ ನಮಗೆ ತಿಳಿಯದ ಘಾಟು ಕೋಳಿಯ ಮೂಗಿನ ಎತ್ತರದಲ್ಲಿ ತಿಳಿಯುತ್ತದೆ. ಹಾಸನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕಿದರೆ ಉಂಡೆ ಕಟ್ಟಬಾರದು, ಕೈಬಿಟ್ಟೊಡನೆ ಉದುರಬೇಕು.

ಗೂಡಿನಲ್ಲಿ ಹಾಸಲು ಹಾನಗಲ್ ಕಡೆಯವರಿಗೆ ಭತ್ತದ ಹೊಟ್ಟು, ಗದಗ–ಲಕ್ಷ್ಮೇಶ್ವರ ಕಡೆಯವರಿಗೆ ಶೇಂಗಾ ಹೊಟ್ಟು ಸುಲಭವಾಗಿ ಸಿಗುತ್ತದೆ. ಎರಡೂ ಒಳ್ಳೆಯವೇ; ಮಳೆಗೆ ನೆನೆದು ಬೂಷ್ಟು ಹಿಡಿದದ್ದು ಮಾತ್ರ ಬೇಡ, ಅದರ ಧೂಳು ಮರಿಗಳ ಶ್ವಾಸಕೋಶಕ್ಕೆ ಇಳಿಯುತ್ತದೆ.

ಇನ್ನು ಮೇವಿನ ಮಾತು. ಕೋಳಿಯ ಸ್ವಭಾವ ಕೆದರುವುದು, ಆರಿಸುವುದು. ಗೋವಿನಜೋಳದ ದಪ್ಪ ನುಚ್ಚಿಗೆ ಹಿಂಡಿಯ ನುಣ್ಣನೆಯ ಪುಡಿ, ತೌಡು ಬೆರೆಸಿ ಇಟ್ಟರೆ ಅದು ಜೋಳದ ತುಣುಕುಗಳಿಗಾಗಿ ಕೊಕ್ಕನ್ನು ಎಡಕ್ಕೂ ಬಲಕ್ಕೂ ಬೀಸುತ್ತದೆ, ಪುಡಿಯೆಲ್ಲ ಅಂಚು ದಾಟಿ ಹೊರಗೆ ಬೀಳುತ್ತದೆ. ಹೊರಗೆ ಬಿದ್ದದ್ದು ಹಿಂಡಿ, ಅಂದರೆ ಮೇವಿನಲ್ಲಿಯೇ ಹೆಚ್ಚು ಬೆಲೆಯ ಭಾಗ. ಗೂಡಿನಲ್ಲೇ ಇರುವ ಮೊಟ್ಟೆಕೋಳಿ ದಿನಕ್ಕೆ 100ರಿಂದ 120 ಗ್ರಾಂ ತಿನ್ನುತ್ತದೆ. ಹಗಲೆಲ್ಲ ಹಿತ್ತಲಲ್ಲಿ ಮೇಯುವ ಜವಾರಿ ಕೋಳಿಗೆ ಅದರ ಅರ್ಧ ಸಾಕಾಗಬಹುದು. 20 ಕೋಳಿಗಳಿಗೆ ದಿನಕ್ಕೆ 2 ಕೆಜಿ ಹಾಕುವವರು ಅದರಲ್ಲಿ ಐದನೆಯ ಒಂದು ಪಾಲನ್ನು ಚೆಲ್ಲಿಸಿಕೊಂಡರೆ ತಿಂಗಳಿಗೆ 12 ಕೆಜಿ ಹೋಯಿತು. ಆ 12 ಕೆಜಿ ಇಲಿಗಳನ್ನು ಕರೆಯುತ್ತದೆ, ಇಲಿಗಳ ಹಿಂದೆ ಹಾವು ಬರುತ್ತದೆ.

ಇದನ್ನು ತಡೆಯುವ ಅಳತೆಗೋಲು ಕೋಳಿಯ ಬೆನ್ನು. ಕೋಳಿ ಸಹಜವಾಗಿ ನಿಂತಾಗ ಅದರ ಬೆನ್ನು ಎಷ್ಟು ಎತ್ತರದಲ್ಲಿರುತ್ತದೆಯೋ ಮೇವಿನ ತಟ್ಟೆಯ ಅಂಚು ಅಷ್ಟೇ ಎತ್ತರದಲ್ಲಿರಬೇಕು. ಆಗ ಅದು ಕತ್ತನ್ನು ಮೇಲೆತ್ತಿ ಒಳಗೆ ಬಗ್ಗಿಸಿ ತಿನ್ನಬೇಕಾಗುತ್ತದೆ, ಕಾಲಿನಿಂದ ಕೆದರಲಾಗುವುದಿಲ್ಲ, ಕೊಕ್ಕನ್ನು ಬೀಸಿದರೂ ಕಾಳು ಅಂಚಿಗೆ ಬಡಿದು ತಟ್ಟೆಗೇ ಮರಳುತ್ತದೆ. ನೀರಿನ ತಟ್ಟೆಗೂ ಇದೇ ಎತ್ತರ. ಅಂಗಡಿಯ ಸಾಮಾನಿನ ಜೊತೆ ಬರುವ ಅಳತೆಯನ್ನು ನಾನು ನಂಬುವುದಿಲ್ಲ, ಏಕೆಂದರೆ ಒಂದೂಕಾಲು ಕೆಜಿಯ ಜವಾರಿ ಹೇಂಟೆಯ ಬೆನ್ನಿಗೂ, ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜದಂಥ ಭಾರಿ ಕೋಳಿಯ ಬೆನ್ನಿಗೂ ಎತ್ತರದಲ್ಲಿ ಬಹಳ ವ್ಯತ್ಯಾಸವಿದೆ. ನಿಮ್ಮ ಬಕೆಟ್ಟನ್ನು ನೆಲದ ಮೇಲಿಡದೆ ಜಂತಿಯಿಂದ ಹಗ್ಗಕ್ಕೆ ತೂಗುಹಾಕಿರಿ. ಬೆಳೆಯುವ ಮರಿಗಳಿದ್ದರೆ ವಾರಕ್ಕೊಮ್ಮೆ ಗಂಟನ್ನು ಮೇಲೆ ಸರಿಸಿರಿ. ಎರಡು ಗಾತ್ರದ ಕೋಳಿಗಳು ಕೂಡಿದ್ದರೆ ದೊಡ್ಡದರ ಎತ್ತರಕ್ಕೆ ಕಟ್ಟಿ, ಒಂದು ಬದಿಯಲ್ಲಿ ಸಣ್ಣವು ಹತ್ತಿ ನಿಲ್ಲಲು ಇಟ್ಟಿಗೆ ಇಡಬೇಕು.

ಬಕೆಟ್ಟಿನ ತಳದ ಸುತ್ತ 5 ಸೆಂಟಿಮೀಟರ್ ಅಗಲದ ನಾಲ್ಕಾರು ತೂತುಗಳನ್ನು ಕೊಯ್ದು, ಕೆಳಗೆ 40 ಸೆಂಟಿಮೀಟರಿನ ತಟ್ಟೆಯನ್ನು ಬೋಲ್ಟಿನಿಂದ ಬಿಗಿದರೆ ಸಾಕು. ತಟ್ಟೆಯ ಅಂಚು ಒಳಕ್ಕೆ ಮಡಚಿದಂತಿರಬೇಕು. ಇಲ್ಲವಾದರೆ ಹಳೆಯ ನೀರಿನ ಪೈಪನ್ನು ಉದ್ದಕ್ಕೆ ಸೀಳಿ ಅಂಚಿಗೆ ಸಿಕ್ಕಿಸಿರಿ. ಆ ತಟ್ಟೆಯ ಸುತ್ತಳತೆ ಸುಮಾರು 125 ಸೆಂಟಿಮೀಟರ್. ಒಂದು ಕೋಳಿಗೆ 8 ಸೆಂಟಿಮೀಟರ್ ಬೇಕೆಂದು ಹಿಡಿದರೆ 15 ಕೋಳಿಗಳಿಗಷ್ಟೇ ಜಾಗ. ನಿಮಗೆ ಎರಡು ಬೇಕು, ಅವು ಒಂದಕ್ಕೊಂದು ದೂರವಿರಬೇಕು, ಇಲ್ಲವಾದರೆ ಜೋರಿನ ಒಂದೆರಡು ಕೋಳಿಗಳು ಬಡಪಾಯಿ ಕೋಳಿಗಳನ್ನು ಮೇವಿನ ಹತ್ತಿರ ಬಿಡುವುದಿಲ್ಲ. ತಟ್ಟೆಯಲ್ಲಿ ಮೇವು ಮೂರನೆಯ ಒಂದು ಭಾಗಕ್ಕಿಂತ ಮೇಲೆ ಏರದಂತೆ ತೂತುಗಳ ಎತ್ತರವನ್ನು ತಗ್ಗಿಸಿಕೊಳ್ಳಿರಿ. ನುಚ್ಚನ್ನು ಸಣ್ಣಗೆ, ಒಂದೇ ಹದಕ್ಕೆ ಒಡೆಸಿದರೆ ಆರಿಸುವ ಆಟವೂ ನಿಲ್ಲುತ್ತದೆ. ಬೋರ್‌ವೆಲ್ಲಿನ ನಾಲ್ಕು ಇಂಚಿನ ಪೈಪಿಗೆ ಮೊಣಕೈಯಂತೆ ಬಾಗಿದ ತುಂಡನ್ನು ಜೋಡಿಸಿ ಮೇವಿನ ಕೊಳವೆ ಮಾಡುವುದು ಈಚೆಗೆ ರೂಢಿಯಾಗಿದೆ. ಇಡೀ ಕಾಳಿಗೆ ಅದು ಚೆನ್ನ, ಪುಡಿಮೇವು ಅದರಲ್ಲಿ ನಡುವೆಯೇ ಕಟ್ಟಿ ನಿಂತುಬಿಡುತ್ತದೆ.

ಪಾತ್ರೆಗಳ ಆಯ್ಕೆಯಲ್ಲಿ ಒಂದು ಮಾತನ್ನು ದಯವಿಟ್ಟು ಪಾಲಿಸಿರಿ. ಹತ್ತಿ, ಮೆಣಸಿನಕಾಯಿ ಬೆಳೆಯುವ ನಮ್ಮ ಸೀಮೆಯಲ್ಲಿ ಕ್ರಿಮಿನಾಶಕದ ಖಾಲಿ ಕ್ಯಾನುಗಳು ಎಲ್ಲರ ಮನೆಯಲ್ಲೂ ಇರುತ್ತವೆ, ಗಟ್ಟಿಯಾಗಿಯೂ ಇರುತ್ತವೆ. ಎಷ್ಟು ಬಾರಿ ತೊಳೆದರೂ ಅವು ಕೋಳಿಯ ನೀರಿಗೆ ಯೋಗ್ಯವಲ್ಲ. ಬಣ್ಣ (ಪೇಂಟ್) ತುಂಬಿ ಬಂದ ಖಾಲಿ ಬಕೆಟ್ಟುಗಳೂ ಬೇಡ. ಬೇಸಿಗೆಯಲ್ಲಿ ಮಜ್ಜಿಗೆ ಕೊಡುವವರು ಅದನ್ನು ತಗಡಿನ ತಟ್ಟೆಗೆ ಹಾಕದೆ ಮಣ್ಣಿನ ಪಾತ್ರೆಗೆ ಹಾಕಬೇಕು, ಏಕೆಂದರೆ ಹುಳಿಯು ತಗಡಿನ ಸತುವನ್ನು ಕರಗಿಸುತ್ತದೆ. ರಾಣಿಖೇತ್ ರೋಗದ ಲಸಿಕೆಯನ್ನು ನೀರಿನಲ್ಲಿ ಕೊಡುವ ದಿನ ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯನ್ನೇ ಬಳಸಿರಿ, ಬ್ಲೀಚಿಂಗ್ ಪುಡಿ ಬೆರೆತ ನೀರನ್ನು ಬಳಸಬೇಡಿರಿ. ಕ್ಲೋರಿನ್ ತಾಗಿದರೆ ಲಸಿಕೆಯ ಜೀವಂತ ವೈರಾಣು ಸತ್ತುಹೋಗುತ್ತದೆ.

ಅಂಗಡಿಯಿಂದ ಕೊಳ್ಳಬೇಕಾದದ್ದು ಏನಾದರೂ ಇದ್ದರೆ ಅದು ಮರಿಗಳ ನೀರಿನ ಬಟ್ಟಲು ಮಾತ್ರ. ಮೊದಲ ಎರಡು ವಾರಗಳ ಮರಿ ಎರಡು ಬೆರಳು ನೀರಿನಲ್ಲಿಯೂ ಮುಳುಗಿ ಸಾಯಬಲ್ಲದು, ಅಷ್ಟು ಕಿರಿದಾದ ಅಂಚಿನ ತಟ್ಟೆಯನ್ನು ಮನೆಯಲ್ಲಿ ಹೊಂದಿಸುವುದು ಕಷ್ಟ. ಕೊಳ್ಳುವವರೆಗೆ ನಿಮ್ಮ ತಟ್ಟೆಯಲ್ಲಿಯೇ ತೊಳೆದ ಬೆಣಚುಕಲ್ಲುಗಳನ್ನು ಒತ್ತಾಗಿ ತುಂಬಿ, ಕಲ್ಲುಗಳ ಸಂದಿಯಲ್ಲಿ ಮರಿಯ ಕೊಕ್ಕು ಮಾತ್ರ ಇಳಿಯುವಂತೆ ಮಾಡಿಡಿರಿ.