‘ಒಂಚೂರು ಕೊಟ್ರೆ ಏನಾಗುತ್ತೆ ಡಾಕ್ಟ್ರೇ?’

ಜೂನ್ ಬಂತೆಂದರೆ ನನ್ನ ಕ್ಲಿನಿಕ್ಕಿನ ಬೆಂಚಿನ ಮೇಲೆ ಅಜ್ಜಿ ತಾತಂದಿರು ಜಾಸ್ತಿಯಾಗುತ್ತಾರೆ. ಪಕ್ಕದಲ್ಲಿ ಡಲ್ಲಾಸ್‌ನಿಂದಲೋ ನ್ಯೂಜೆರ್ಸಿಯಿಂದಲೋ ಬಂದ ಮೊಮ್ಮಗು, ಕಾಲ ತುಂಬ ಸೊಳ್ಳೆ ಕಚ್ಚಿದ ಗುರುತು, ಕೈಯಲ್ಲಿ ಟ್ಯಾಬ್. ಮಗಳು ಅಳಿಯ ಬ್ಯಾಂಕು, ಆಧಾರ್, ರೇಷ್ಮೆ ಸೀರೆ ಅಂತ ಊರು ಸುತ್ತುತ್ತಿರುತ್ತಾರೆ. ಹಾಗಾಗಿ ಮಗುವಿಗೆ ಉಣ್ಣಿಸುವ ಕೆಲಸ ಅಜ್ಜಿಯದೇ.

ನೀರು ಕುದಿಸಿ ಆರಿಸಿ ಕೊಡಿ, ಬೀದಿಯಲ್ಲಿ ಕತ್ತರಿಸಿಟ್ಟ ಹಣ್ಣು ಬೇಡ, ಪಾನಿಪೂರಿ ಬೇಡ, ಖಾರ ಕಮ್ಮಿ ಮಾಡಿ. ಮೊದಲ ನಾಲ್ಕೈದು ದಿನ ಮಗುವಿಗೆ ಮಧ್ಯರಾತ್ರಿ ಹಸಿವಾಗುತ್ತದೆ, ಹಗಲು ತಟ್ಟೆ ಹಿಡಿದು ಅದರ ಹಿಂದೆ ಓಡಬೇಡಿ. ಇದೆಲ್ಲ ನಿಮಗೆ ಗೊತ್ತು. ನಾನು ಬರೆಯಲು ಕೂತಿದ್ದು ಕಡಲೆಕಾಯಿ ಬೀಜದ ಅಲರ್ಜಿ ಬಗ್ಗೆ. ವರ್ಷ ವರ್ಷವೂ ಹೇಳಿ ಹೇಳಿ ನನಗೆ ಸಾಕಾಗಿದೆ.

ಕೆಲವು ವರ್ಷದ ಹಿಂದಿನ ಮಾತು. ಆರು ವರ್ಷದ ಹುಡುಗ. ಕಡಲೆಕಾಯಿ ಬೀಜ ಆಗುವುದಿಲ್ಲ ಎಂದು ಅವನ ಅಮ್ಮ ವಿಮಾನ ಇಳಿದ ದಿನವೇ ಹೇಳಿದ್ದರು. ಫ್ರಿಜ್ಜಿನ ಬಾಗಿಲಿಗೆ ಚೀಟಿ ಕೂಡ ಅಂಟಿಸಿದ್ದರು. ಹತ್ತು ದಿನ ಎಲ್ಲ ಸರಿಯಿತ್ತು. ಹನ್ನೊಂದನೇ ದಿನ ಅಮ್ಮ ಬೆಂಗಳೂರಿಗೆ ಹೋಗಿದ್ದಾಗ ಪಕ್ಕದ ಮನೆಯವರು ಶೇಂಗಾ ಹೋಳಿಗೆ ತಂದುಕೊಟ್ಟರು. ಹುಡುಗ ಆಸೆಯಿಂದ ನೋಡಿದ. ಅಜ್ಜಿ ಹೆಬ್ಬೆರಳಿನ ಉಗುರಿನಷ್ಟು ಮುರಿದು ಬಾಯಿಗಿಟ್ಟರು. ‘ನೋಡೋಣ ಅಂತ ಕೊಟ್ಟೆ ಡಾಕ್ಟ್ರೇ’ ಎಂದರು ಆಮೇಲೆ.

ಐದು ನಿಮಿಷಕ್ಕೆ ತುಟಿ ಊದಿತು, ಮೈಯೆಲ್ಲ ದದ್ದು ಎದ್ದಿತು. ಅಜ್ಜಿ ಮಜ್ಜಿಗೆ ಕುಡಿಸಿದರು. ವಾಂತಿಯಾಯಿತು. ಹೊರಗೆ ಬಂತಲ್ಲ, ಒಳ್ಳೆಯದೇ ಆಯ್ತು ಅಂದುಕೊಂಡರು, ದೃಷ್ಟಿಯನ್ನೂ ತೆಗೆದರು. ಅಷ್ಟರಲ್ಲಿ ಹುಡುಗನ ಧ್ವನಿ ಒಡೆದು ಕೆಮ್ಮು ಶುರುವಾಗಿತ್ತು. ಇಂಥ ಹೊತ್ತಿಗೆ ಮನೆಯಲ್ಲೇ ಚುಚ್ಚಲು ಅಂತ ಅವನಿಗಾಗಿಯೇ ಅಮೆರಿಕದಿಂದ ತಂದಿದ್ದ ಅಡ್ರಿನಲಿನ್ ಇಂಜೆಕ್ಷನ್ ಪೆನ್ ಎಲ್ಲಿತ್ತು ಗೊತ್ತೇ? ಸೂಟ್‌ಕೇಸಿನೊಳಗೆ. ಸೂಟ್‌ಕೇಸು ಅಟ್ಟದ ಮೇಲೆ. ತಾತ ಸ್ಟೂಲು ಹುಡುಕದೆ ಹುಡುಗನನ್ನು ಎತ್ತಿಕೊಂಡು ಆಟೋದಲ್ಲಿ ಬಂದರು, ಅದೊಂದು ಪುಣ್ಯ. ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟೆವು, ಆಸ್ಪತ್ರೆಯಲ್ಲಿ ಒಂದು ರಾತ್ರಿ ಇರಿಸಿಕೊಂಡೆವು. ಹುಡುಗ ಬೆಳಿಗ್ಗೆ ಎದ್ದು ಇಡ್ಲಿ ಕೇಳಿದ. ಅಜ್ಜಿ ಮಾತ್ರ ಒಂದು ವಾರ ಊಟ ಸರಿಯಾಗಿ ಮಾಡಲಿಲ್ಲವಂತೆ.

ಅವರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಪ್ರೀತಿಯಿಂದಲೇ ಕೊಟ್ಟಿದ್ದು ಅಲ್ವಾ? ಆದರೆ ಆ ‘ಒಂಚೂರು’ ಅನ್ನುವ ಮಾತನ್ನು ಮಾತ್ರ ಬಿಡಿಸಿ ಹೇಳಲೇಬೇಕು.

ನಮ್ಮ ಮನೆಗಳಲ್ಲಿ ‘ಆಗುವುದಿಲ್ಲ’ ಎಂಬ ಒಂದೇ ಮಾತಿಗೆ ನಾಲ್ಕು ಅರ್ಥ. ಬದನೆಕಾಯಿ ಆಗಲ್ಲ ಅಂದರೆ ಇಷ್ಟವಿಲ್ಲ. ಆಲೂಗಡ್ಡೆ ಆಗಲ್ಲ ಅಂದರೆ ವಾಯು. ಹಾಲು ಆಗಲ್ಲ ಅಂದರೆ ಹೊಟ್ಟೆ ಉಬ್ಬರ, ಭೇದಿ. ಇವಕ್ಕೆಲ್ಲ ಒಂದು ಲೆಕ್ಕವಿದೆ, ಜಾಸ್ತಿ ತಿಂದರೆ ಜಾಸ್ತಿ ತೊಂದರೆ, ಕಮ್ಮಿ ತಿಂದರೆ ಕಮ್ಮಿ. ಹಾಲು ಜೀರ್ಣವಾಗದ ಎಷ್ಟೋ ಜನ ಕಾಫಿಗೆ ಎರಡು ಚಮಚ ಹಾಲು ಹಾಕಿಕೊಂಡು ಆರಾಮಾಗಿರುತ್ತಾರೆ. ಅಲರ್ಜಿಯಲ್ಲಿ ಈ ಲೆಕ್ಕವನ್ನು ನಂಬುವ ಹಾಗಿಲ್ಲ. ಅದು ಹೊಟ್ಟೆಯ ತಾಪತ್ರಯವೇ ಅಲ್ಲ. ಮಗುವಿನ ದೇಹ ಕಡಲೆಕಾಯಿಯ ಪ್ರೋಟೀನನ್ನು ಶತ್ರು ಎಂದು ತಪ್ಪಾಗಿ ಗುರುತು ಹಿಡಿದುಬಿಟ್ಟಿರುತ್ತದೆ, ಕಂಡ ತಕ್ಷಣ ಇಡೀ ಮೈಯಲ್ಲಿ ಗಂಟೆ ಬಾರಿಸುತ್ತದೆ. ಬಂದ ಕಳ್ಳ ಒಬ್ಬನೇ ಆದರೂ ಗಂಟೆ ಜೋರಾಗಿಯೇ ಬಾರಿಸಬಹುದು. ಹೋದ ಸಲ ಬರೀ ದದ್ದು ಬಂದಿತ್ತು, ಈ ಸಲವೂ ಅಷ್ಟೇ ಅಂತ ನಂಬುವ ಹಾಗೂ ಇಲ್ಲ.

ಒಂಚೂರು ಅಂದರೆ ಎಷ್ಟು ಅಂತ ಬೇಕಾದರೆ ಕೇಳಿ. ಒಂದು ಕಡಲೆಕಾಯಿ ಬೀಜದಲ್ಲಿ ಸುಮಾರು 250 ಮಿಲಿಗ್ರಾಂ ಪ್ರೋಟೀನ್ ಇರುತ್ತದೆ. ಇಂಥ ಮಕ್ಕಳ ದೇಹವನ್ನು ನಿಧಾನವಾಗಿ ಒಗ್ಗಿಸುವ ಒಂದು ಔಷಧಿಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕಡಲೆಕಾಯಿ ಪುಡಿಯಿಂದಲೇ ಮಾಡಿದ್ದು. ಅದನ್ನು ಶುರು ಮಾಡುವುದು ಅರ್ಧ ಮಿಲಿಗ್ರಾಂನಿಂದ. ಅಂದರೆ ಒಂದು ಬೀಜದ ಐನೂರರಲ್ಲಿ ಒಂದು ಪಾಲು. ಅದನ್ನೂ ಆಸ್ಪತ್ರೆಯಲ್ಲಿ, ಡಾಕ್ಟರ ಕಣ್ಣೆದುರಿಗೇ ಕೊಡಬೇಕು. ಅಜ್ಜಿಯ ಉಗುರಿನಷ್ಟು ಹೋಳಿಗೆ ಅದರ ಮುಂದೆ ಬೆಟ್ಟ.

ತಾತಂದಿರದು ಇನ್ನೊಂದು ವಾದ. ‘ನಮ್ಮೂರು ಚಳ್ಳಕೆರೆ ಡಾಕ್ಟ್ರೇ, ಎಣ್ಣೆ ನಗರ. ಶೇಂಗಾ ತಿಂದೇ ಬೆಳೆದವರು ನಾವು. ನಮ್ಮ ರಕ್ತಕ್ಕೆ ಇದೆಲ್ಲಿಂದ ಬಂತು?’ ಕೇಳುವುದು ನ್ಯಾಯವೇ. ನಾನೂ ಓದುವಾಗ ಈ ಅಲರ್ಜಿಯನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದೆ. ಆದರೆ ರಕ್ತ ಒಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಬ್ರಿಟನ್ನಿನ ಯಹೂದಿ ಮಕ್ಕಳನ್ನೂ ಇಸ್ರೇಲಿನ ಯಹೂದಿ ಮಕ್ಕಳನ್ನೂ ಹೋಲಿಸಿದ ಅಧ್ಯಯನವೊಂದು 2008ರಲ್ಲಿ ಬಂತು. ಬ್ರಿಟನ್ನಿನ ಮಕ್ಕಳಲ್ಲಿ ಕಡಲೆಕಾಯಿ ಅಲರ್ಜಿ ಹತ್ತು ಪಟ್ಟು ಜಾಸ್ತಿ ಇತ್ತು. ಇಸ್ರೇಲಿನಲ್ಲಿ ಹಲ್ಲು ಬರುವ ವಯಸ್ಸಿಗೇ ಕಡಲೆಕಾಯಿಯ ತಿಂಡಿ ತಿನ್ನಿಸುತ್ತಾರೆ, ಬ್ರಿಟನ್ನಿನಲ್ಲಿ ಮುಟ್ಟಿಸುತ್ತಿರಲಿಲ್ಲ. ಅಮೆರಿಕದಲ್ಲೂ 2000ದಿಂದ 2008ರವರೆಗೆ ಅಪಾಯ ಇರುವ ಮಕ್ಕಳಿಗೆ ಮೂರು ವರ್ಷ ತುಂಬುವವರೆಗೆ ಕಡಲೆಕಾಯಿ ಬೇಡ ಅಂತಲೇ ಮಕ್ಕಳ ಡಾಕ್ಟರುಗಳ ಸಲಹೆ ಇತ್ತು. 2015ರಲ್ಲಿ ಲಂಡನ್ನಿನ ಇನ್ನೊಂದು ಅಧ್ಯಯನ ಬಂತು. ಎಕ್ಸಿಮಾ ಎಂಬ ಚರ್ಮದ ತುರಿಕೆ ಕಾಯಿಲೆ ಇಲ್ಲವೇ ಮೊಟ್ಟೆ ಅಲರ್ಜಿ ಇದ್ದ 640 ಕೂಸುಗಳಲ್ಲಿ ಅರ್ಧಕ್ಕೆ ಚಿಕ್ಕಂದಿನಿಂದಲೇ ಕಡಲೆಕಾಯಿ ಕೊಟ್ಟರು, ಉಳಿದ ಅರ್ಧಕ್ಕೆ ಕೊಡಲಿಲ್ಲ. ಐದು ವರ್ಷ ತುಂಬಿದಾಗ ತಿನ್ನದವರಲ್ಲಿ ನೂರಕ್ಕೆ ಸುಮಾರು 17 ಮಕ್ಕಳಿಗೆ ಅಲರ್ಜಿ ಇತ್ತು, ತಿಂದವರಲ್ಲಿ ಮೂರು.

ಇದನ್ನು ಹೇಳಿದರೆ ತಾತನ ಮುಖ ಅರಳುತ್ತದೆ. ‘ನೋಡಿದ್ರಾ, ತಿನ್ನಿಸಬೇಕು ಅಂತಲೇ ನಾನೂ ಹೇಳಿದ್ದು!’ ಇಲ್ಲ ಸ್ವಾಮಿ. ಅದು ಅಲರ್ಜಿ ಬರುವುದಕ್ಕೆ ಮುಂಚಿನ ಮಾತು, ಆರು ತಿಂಗಳ ಕೂಸಿನ ಮಾತು. ಬಂದಾದ ಮೇಲೆ ತಿನ್ನಿಸಿ ಹೊಡೆದೋಡಿಸುತ್ತೇನೆ ಅಂತ ಅಡಿಗೆಮನೆಯಲ್ಲಿ ಹೊರಡುವ ಹಾಗಿಲ್ಲ. ವಾಟ್ಸಾಪಿನಲ್ಲಿ ಈ ಎರಡನ್ನೂ ಕಲಸಿ ಹಂಚುತ್ತಾರೆ, ನನಗೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ.

ಭಾಷೆಯದೂ ಒಂದು ಗೋಜಲು. ಮಗಳು ‘ನಟ್ಸ್ ಅಲರ್ಜಿ’ ಅನ್ನುತ್ತಾಳೆ. ಅಜ್ಜಿ ಬಾದಾಮಿ, ಗೋಡಂಬಿ ಡಬ್ಬ ಎತ್ತಿಡುತ್ತಾರೆ, ಕಡಲೆಕಾಯಿ ಚಿಕ್ಕಿ ಹಾಗೇ ಇರುತ್ತದೆ, ಏಕೆಂದರೆ ಅವರ ಪ್ರಕಾರ ಅದು ಕಾಳು. ನಿಜ ಹೇಳಬೇಕೆಂದರೆ ಅಜ್ಜಿಯೇ ಸರಿ, ಅದು ಬೇಳೆಕಾಳಿನ ಜಾತಿಯದೇ. ಇನ್ನೊಂದು ಮನೆಯಲ್ಲಿ ‘ಕಡಲೆ ಆಗಲ್ಲ’ ಅಂತ ಕೇಳಿಸಿಕೊಂಡು ಹುರಿಗಡಲೆ ಚಟ್ನಿ ನಿಲ್ಲಿಸಿದರು, ಚಿತ್ರಾನ್ನಕ್ಕೆ ಎಂದಿನಂತೆ ಬೀಜ ಹುರಿದು ಹಾಕಿದರು. ಆದ್ದರಿಂದ ಮಗು ಬರುವ ಮುಂಚೆಯೇ ವಿಡಿಯೋ ಕಾಲ್ ಮಾಡಿ, ಡಬ್ಬ ಒಂದೊಂದನ್ನೇ ಹಿಡಿದು ತೋರಿಸಿ ಕೇಳಿ. ಕಡಲೆಕಾಯಿಯೋ, ಗೋಡಂಬಿಯೋ, ಎಳ್ಳೋ, ಅಥವಾ ಮೂರೂನೋ? ಎಳ್ಳನ್ನು ಯಾರೂ ನೆನಪು ಮಾಡಿಕೊಳ್ಳುವುದೇ ಇಲ್ಲ. ಅಮೆರಿಕದಲ್ಲಿ 2023ರಿಂದ ಪೊಟ್ಟಣದ ಮೇಲೆ ಕಡ್ಡಾಯವಾಗಿ ಬರೆಯಬೇಕಾದ ಅಲರ್ಜಿಯ ವಸ್ತುಗಳಲ್ಲಿ ಎಳ್ಳು ಒಂಬತ್ತನೆಯದು. ಎಷ್ಟೋ ಸಲ ಮಕ್ಕಳು ಇಲ್ಲಿರುವಾಗಲೇ ನಾಗರ ಪಂಚಮಿ ಬರುತ್ತದೆ. ಆ ಹೊತ್ತಿಗೆ ನಮ್ಮ ಕಡೆ ಎಳ್ಳು ಬೆಲ್ಲದ ಚಿಗಳಿ, ಹುಬ್ಬಳ್ಳಿ ಕಡೆ ಹೋದರೆ ಶೇಂಗಾ ಉಂಡಿ, ಎಳ್ಳುಂಡಿ.

ತೆಂಗಿನಕಾಯಿ ಬಗ್ಗೆ ಮಾತ್ರ ಸಮಾಧಾನದ ಮಾತು ಹೇಳಬಹುದು. ಅಮೆರಿಕದ ಪೊಟ್ಟಣಗಳಲ್ಲಿ ಎಷ್ಟೋ ವರ್ಷ ತೆಂಗನ್ನೂ ನಟ್ಸ್ ಪಟ್ಟಿಗೆ ಸೇರಿಸಿದ್ದರು, 2025ರಲ್ಲಿ ತೆಗೆದರು. ಕಡಲೆಕಾಯಿ, ಗೋಡಂಬಿ ಆಗದ ಬಹುತೇಕ ಮಕ್ಕಳಿಗೆ ತೆಂಗು ಆಗುತ್ತದೆ. ಹಾಗಂತ ಮಗುವಿನ ಡಾಕ್ಟರನ್ನು ಕೇಳದೆ ನನ್ನ ಮಾತಿನ ಮೇಲೆ ಕೊಡಬೇಡಿ.

ಅಡಿಗೆಮನೆಯಲ್ಲಿ ಅಪಾಯ ಇರುವುದು ಎದ್ದು ಕಾಣುವ ಬೀಜದಲ್ಲಲ್ಲ. ಎಣ್ಣೆಗಾಯಿಯ ಮಸಾಲೆ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಡಬ್ಬಕ್ಕೂ ಮೆಣಸಿನಪುಡಿಗೂ ಒಂದೇ ಚಮಚ, ತೊಳೆದರೂ ಬ್ಲೇಡಿನ ಕೆಳಗೆ ಪುಡಿ ಉಳಿಯುವ ಮಿಕ್ಸಿ ಜಾರ್. ಎಣ್ಣೆಯದು ಬೇರೆಯೇ ಕಥೆ. ಕಾರ್ಖಾನೆಯಲ್ಲಿ ಚೆನ್ನಾಗಿ ಶುದ್ಧ ಮಾಡಿದ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನ್ ಉಳಿಯುವುದು ತೀರಾ ಕಡಿಮೆ, ಹೆಚ್ಚಿನ ಮಕ್ಕಳಿಗೆ ಅದರಿಂದ ತೊಂದರೆಯಾಗುವುದಿಲ್ಲ. ಆದರೆ ಈಗ ಎಲ್ಲರಿಗೂ ಗಾಣದ ಎಣ್ಣೆಯ ಹುಚ್ಚು. ಗಾಣದ ಎಣ್ಣೆಯಲ್ಲಿ ಪ್ರೋಟೀನ್ ಇರುತ್ತದೆ. ಮೊಮ್ಮಗನ ಆರೋಗ್ಯಕ್ಕೆ ಅಂತಲೇ ದುಡ್ಡು ಜಾಸ್ತಿ ಕೊಟ್ಟು ತಂದ ಎಣ್ಣೆ ಅವನಿಗೇ ಆಗದಿರುವುದು ಇದೆ. ಎರಡು ತಿಂಗಳು ಸೂರ್ಯಕಾಂತಿ ಎಣ್ಣೆ ತನ್ನಿ, ತಾತ ಸ್ವಲ್ಪ ಗೊಣಗುತ್ತಾರೆ, ಅಷ್ಟೇ.

ಪೆನ್ ಅಟ್ಟದ ಮೇಲೂ ಬೇಡ, ಫ್ರಿಜ್ಜಿನಲ್ಲೂ ಬೇಡ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲೂ ಬೇಡ. ಮಗು ಎಲ್ಲಿಗೆ ಹೋದರೂ ಅದರ ಜೊತೆ ಹೋಗಬೇಕು, ದೇವಸ್ಥಾನಕ್ಕೂ, ಮದುವೆ ಮನೆಗೂ. ಚುಚ್ಚುವುದು ಹೇಗೆಂದು ಮಗಳ ಹತ್ತಿರ ಮೊದಲ ದಿನವೇ ಕಲಿಯಿರಿ. ಇದು ಇಲ್ಲಿಯ ಮೆಡಿಕಲ್ ಶಾಪಿನಲ್ಲಿ ಕೇಳಿದಾಕ್ಷಣ ಸಿಗುವ ವಸ್ತುವಲ್ಲ, ಅದಕ್ಕೇ ಎರಡು ತರಲು ಹೇಳಿ. ಉಸಿರು, ಧ್ವನಿ ಬದಲಾದರೆ, ಅಥವಾ ದದ್ದಿನ ಜೊತೆ ವಾಂತಿಯೂ ಶುರುವಾದರೆ ಯೋಚಿಸುತ್ತಾ ನಿಲ್ಲಬೇಡಿ, ತೊಡೆಯ ಹೊರಮಗ್ಗುಲಿಗೆ ಚುಚ್ಚಿ, ಮಲಗಿಸಿ, 108ಕ್ಕೆ ಫೋನ್ ಮಾಡಿ. ಉಸಿರಾಡಲು ಕಷ್ಟಪಡುತ್ತಿದ್ದರೆ ಕೂರಿಸಿಕೊಳ್ಳಿ, ಓಡಾಡಿಸಬೇಡಿ. ಅಲರ್ಜಿಗೆ ಅಂತ ಕೊಡುವ ಸಿಟ್ರಿಜಿನ್ ಸಿರಪ್ಪು ತುರಿಕೆ ಕಮ್ಮಿ ಮಾಡುತ್ತದೆ, ಉಸಿರು ಉಳಿಸುವುದಿಲ್ಲ. ಚುಚ್ಚಿದ ಮೇಲೆ ಮಗು ನಗುತ್ತಾ ಕೂತರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಮಕ್ಕಳಲ್ಲಿ ಗಂಟೆಗಳ ನಂತರ ಮತ್ತೆ ತಿರುಗಿ ಬರುತ್ತದೆ. ಮಗುವಿನ ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ ಬೇರೆ ಏನಾದರೂ ಇದ್ದರೆ ಅದೇ ಸರಿ, ನನ್ನದಲ್ಲ.

ಹೀಗೆ ಹೇಳಿದರೆ ಹೆದರಿ ಬರೀ ಬ್ರೆಡ್ಡು, ನೂಡಲ್ಸ್ ಕೊಡುವವರೂ ಇದ್ದಾರೆ. ಪಾಪ, ಆ ಮಗು ಅಷ್ಟು ದೂರದಿಂದ ಬಂದದ್ದು ಬ್ರೆಡ್ಡು ತಿನ್ನಲಿಕ್ಕಾ? ಬಿಸಿ ಅನ್ನ, ತಿಳಿಸಾರು, ತುಪ್ಪ, ಇಡ್ಲಿ, ಅಕ್ಕಿ ರೊಟ್ಟಿ, ರಾಗಿ ಮುದ್ದೆ, ರಸಬಾಳೆ. ಪ್ರತ್ಯೇಕ ಪಾತ್ರೆ, ಪ್ರತ್ಯೇಕ ಸೌಟು ಇಟ್ಟುಕೊಂಡರೆ ಬೇಕಾದಷ್ಟಿದೆ.

ಆ ಹೋಳಿಗೆ ಅಜ್ಜಿ ಮೊನ್ನೆ ಫೋನ್ ಮಾಡಿದ್ದರು. ಹುಡುಗ ಈಗ ದೊಡ್ಡವನಾಗಿದ್ದಾನೆ, ಈ ಸಲವೂ ಬರುತ್ತಾನೆ. ಹೊಸ ಮಿಕ್ಸಿ ಜಾರಿಗೆ ಕೆಂಪು ದಾರ ಕಟ್ಟಿಟ್ಟಿದ್ದಾರಂತೆ, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ‘ತಂಬಿಟ್ಟು ಮಾಡೋಣ ಅಂತಿದ್ದೆ ಡಾಕ್ಟ್ರೇ, ಹುರಿಗಡಲೆ ಅವನಿಗೆ ಆಗುತ್ತೆ ಅಂತ ಅಲ್ಲಿನ ಡಾಕ್ಟ್ರೇ ಹೇಳಿದ್ದಾರೆ. ಆದ್ರೆ ನಮ್ಮ ಬೀದಿ ಗಿರಣಿಯಲ್ಲಿ ಕೇಳಿದೆ, ಅದೇ ಕಲ್ಲಲ್ಲಿ ಶೇಂಗಾ ಚಟ್ನಿಪುಡೀನೂ ಬೀಸ್ತಾನಂತೆ. ಅದಕ್ಕೇ ಈ ಸಲ ಮನೇಲೇ ಪುಡಿ ಮಾಡ್ಕೋತೀನಿ’ ಎಂದರು.

ಗಿರಣಿಯ ವಿಷಯ ನನಗೂ ಹೊಳೆದಿರಲಿಲ್ಲ.